ಮುಖಕ್ಕೆ ಕನ್ನಡಿ ಸರಿ, ಪಾದಕ್ಕೆ?

ಬೆಳಿಗ್ಗೆ ಎದ್ದಾಗಿನಿಂದ ಎಷ್ಟು ಸಲ ಕನ್ನಡಿ ನೋಡಿಕೊಂಡಿರಿ? ಹಣೆಗೆ ಕುಂಕುಮ ಇಟ್ಟುಕೊಳ್ಳುವಾಗ ಒಂದು ಸಲ, ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಲು ಹೊರಟಾಗ ಇನ್ನೊಂದು ಸಲ, ತರಕಾರಿ ಗಾಡಿಯವನು ಕೂಗಿದಾಗ ಬಾಗಿಲ ಪಕ್ಕದ ಕನ್ನಡಿಯಲ್ಲಿ ಹಾಗೇ ಒಂದು ನೋಟ. ಸರಿ, ಇವತ್ತು ನಿಮ್ಮ ಪಾದ ನೋಡಿಕೊಂಡ್ರಾ? ಮೇಲಿನಿಂದಲ್ಲ, ಕೆಳಗಿನ ಅಂಗಾಲನ್ನು, ಬೆರಳ ಸಂದಿಯನ್ನು? ನೆನಪಾಗ್ತಿಲ್ಲ ಅಲ್ವಾ!

ನಾನೂ ನೋಡಿಕೊಳ್ಳುತ್ತಿರಲಿಲ್ಲ. ಮಸ್ಕಿಯಲ್ಲಿರುವ ನಮ್ಮ ಸೋದರತ್ತೆಯ ಪ್ರಸಂಗ ಆದ ಮೇಲೆ ಈ ರೂಢಿ ಮಾಡಿಕೊಂಡೆ. ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಯುಗಾದಿ ಮುಗಿದ ಮೇಲೆ ಒಂದು ದಿನ ಹರಕೆ ತೀರಿಸಲೆಂದು ಮಲ್ಲಯ್ಯನ ಬೆಟ್ಟ ಹತ್ತಿದರು, ಬರಿಗಾಲಲ್ಲಿ, ಅದೂ ಮಟಮಟ ಮಧ್ಯಾಹ್ನ. ಆ ಕಲ್ಲು ಬಿಸಿಲಿಗೆ ಹೇಗೆ ಕಾಯುತ್ತದೆ ಅಂತ ನಮ್ಮ ರಾಯಚೂರು ಸೀಮೆಯವರಿಗೆ ಬೇರೆ ಹೇಳಬೇಕಾ? ಜೊತೆಗೆ ಹೋದ ಸೊಸೆ, ಮೊಮ್ಮಗಳು ಕುಣಿಯುತ್ತಾ ಓಡಿ ನೆರಳು ಸೇರಿಕೊಂಡರೆ ಅತ್ತೆ ಮಾತ್ರ ನಿಧಾನಕ್ಕೆ ನಡೆದು ಬಂದರು. ಮನೆಗೆ ಬಂದು, "ನನ್ನ ಕಾಲಿಗೇನೂ ಸುಡ್ಲೇ ಇಲ್ಲ ನೋಡವಾ, ಎಲ್ಲಾ ಮಲ್ಲಯ್ಯನ ದಯಾ" ಅಂದರು. ಎಲ್ಲರೂ ಕೈ ಮುಗಿದರು. ರಾತ್ರಿ ಕಾಲು ಒತ್ತಲು ಕೂತ ಮೊಮ್ಮಗಳಿಗೆ ಅಂಗಾಲಿನ ತುಂಬಾ ನೀರು ತುಂಬಿದ ಬೊಬ್ಬೆಗಳು ಕಂಡವು.

ಅತ್ತೆಯ ಕಥೆಯ ಉಳಿದ ಭಾಗವನ್ನು ಆಮೇಲೆ ಹೇಳ್ತೀನಿ. ಮೊದಲು ನಮ್ಮ ನಿಮ್ಮೆಲ್ಲರ ಮನೆಯಲ್ಲಿ ದಿನಾ ಕೇಳಿಬರುವ ಕಾಲಿನ ದೂರುಗಳನ್ನು ನೋಡೋಣ. ಯಾವುದಕ್ಕೆ ಮನೆಮದ್ದು ಸಾಕು, ಯಾವುದಕ್ಕೆ ಡಾಕ್ಟರ ಹತ್ತಿರ ಓಡಬೇಕು ಅನ್ನುವ ಲೆಕ್ಕವೇ ನಮ್ಮಲ್ಲಿ ತಲೆಕೆಳಗಾಗಿದೆ. ನೋವಾದರೆ ಓಡುತ್ತೇವೆ, ನೋವಿಲ್ಲದಿದ್ದರೆ ಸುಮ್ಮನಿರುತ್ತೇವೆ. ಪಾದದ ವಿಷಯದಲ್ಲಿ ಅಪಾಯ ಇರುವುದು ಎಷ್ಟೋ ಸಲ ನೋವಿಲ್ಲದ ಕಡೆಗೇ.

ಮೊದಲ ಹೆಜ್ಜೆಯ ಚುಚ್ಚು

ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ತಕ್ಷಣ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಕಡಿಮೆ. ಮಧ್ಯಾಹ್ನ ಧಾರಾವಾಹಿ ನೋಡುತ್ತಾ ಕೂತು ಎದ್ದರೆ ಮತ್ತೆ ಅದೇ ಚುಚ್ಚು. ನಲವತ್ತು ದಾಟಿದ ಗೃಹಿಣಿಯರಲ್ಲಿ ಇದು ತುಂಬಾ ಸಾಮಾನ್ಯ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ. ದಿನವಿಡೀ ನಿಂತು ನಿಂತು ಅದು ಎಳೆದುಕೊಂಡು, ಹಿಮ್ಮಡಿಗೆ ಅಂಟಿದ ಜಾಗದಲ್ಲಿ ನೋಯುತ್ತದೆ. ರಾತ್ರಿ ಮಲಗಿದಾಗ ಬಿಗಿಯುತ್ತದೆ, ಬೆಳಿಗ್ಗೆ ಒಮ್ಮೆಲೇ ಜಗ್ಗಿದಾಗ ಚುಚ್ಚುತ್ತದೆ, ಅಷ್ಟೇ.

ನಮ್ಮ ಕಡೆಯ ಮನೆಗಳಲ್ಲಿ ಹಾಸಿರುವುದು ಶಹಾಬಾದ್ ಕಲ್ಲು, ಈಗೀಗ ಗ್ರಾನೈಟ್, ಟೈಲ್ಸ್. ಅದರ ಮೇಲೆ ಬರಿಗಾಲಲ್ಲಿ ಬೆಳಿಗ್ಗೆ ಐದರಿಂದ ನಿಂತು ರೊಟ್ಟಿ ಬಡಿಯುವವರ ಹಿಮ್ಮಡಿ ನೋಯದೆ ಇನ್ನೇನಾದೀತು? ಮನೆಯೊಳಗೆ ಚಪ್ಪಲಿಯೇ ಅಂತ ಮೂಗು ಮುರಿಯಬೇಡಿ. ಅಡುಗೆ ಮನೆಗೆಂದೇ ಒಂದು ಜೊತೆ ಮೆತ್ತನೆಯ, ಹಿಮ್ಮಡಿ ಸ್ವಲ್ಪ ದಪ್ಪ ಇರುವ ಹೊಸ ಚಪ್ಪಲಿ ತಂದಿಟ್ಟುಕೊಳ್ಳಿ. ಹೊರಗಿನದು ಹೊರಗೆ, ಒಳಗಿನದು ಒಳಗೆ. ಮಡಿ ಮೈಲಿಗೆಯ ಅತ್ತೆಯಂದಿರೂ ಇದಕ್ಕೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು, ದುಡ್ಡಿಲ್ಲದ ಉಪಾಯ. ಬೆಳಿಗ್ಗೆ ಕಾಲು ಕೆಳಗಿಡುವ ಮೊದಲೇ ಹಾಸಿಗೆಯಲ್ಲಿ ಕಾಲು ಚಾಚಿ ಕೂತು, ಹಳೇ ಓಢಣಿಯನ್ನು ಬೆರಳುಗಳ ಬುಡಕ್ಕೆ ಸುತ್ತಿ ಎರಡೂ ತುದಿ ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮಂಡಿ ಮಡಚಬಾರದು. ಮೂವತ್ತು ಎಣಿಸಿ ಬಿಡಿ. ಹೀಗೆ ಮೂರು ಸಲ. ಸಂಜೆ ಗೋಡೆಗೆ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಮೀನಖಂಡವನ್ನು ಎಳೆಯಿರಿ. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಅದರ ಮೇಲೊಂದು ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ ಐದಾರು ನಿಮಿಷ ಉರುಳಿಸಿದರೂ ಹಿತ. ಸಕ್ಕರೆ ಕಾಯಿಲೆ ಇದ್ದು ಕಾಲು ಜೋಮು ಹಿಡಿಯುವವರು ಈ ಬಾಟಲಿಯ ಸಹವಾಸಕ್ಕೆ ಹೋಗಬೇಡಿ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ತಿಂಗಳು ಅಂದೆ, ವಾರ ಅನ್ನಲಿಲ್ಲ. ತಾಳ್ಮೆ ಬೇಕು.

ಎಕ್ಸ್‌ರೇ ತೆಗೆಸಿದಾಗ "ಹಿಮ್ಮಡಿಯಲ್ಲಿ ಎಲುಬು ಬೆಳೆದಿದೆ" ಅಂದರೆ ಗಾಬರಿಯಾಗಬೇಡಿ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಆ ಮುಳ್ಳು ಇರುತ್ತದೆ. ಹಿಮ್ಮಡಿಗೆ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಒಂದು ಸಲಕ್ಕೆ ಆರಾಮ ಕೊಟ್ಟೀತು, ಆದರೆ ಪದೇ ಪದೇ ತೆಗೆದುಕೊಂಡರೆ ಹಿಮ್ಮಡಿಯ ಮೆತ್ತೆಯೇ ತೆಳುವಾಗುತ್ತದೆ. ಎಲುಬು ಕೀಲು ತಜ್ಞರ ಹತ್ತಿರ ಹೋಗಬೇಕಾದ್ದು ಯಾವಾಗ? ಬಿದ್ದ ಮೇಲೆ ನೋವು ಶುರುವಾಗಿ ಕಾಲೂರಲು ಆಗದಿದ್ದರೆ, ಹಿಮ್ಮಡಿ ಬಾತು ಕೆಂಪಾದರೆ, ಜ್ವರ ಬಂದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಅಥವಾ ಇಷ್ಟೆಲ್ಲಾ ಮಾಡಿ ಒಂದೂವರೆ ತಿಂಗಳಾದರೂ ಏನೂ ವ್ಯತ್ಯಾಸ ಕಾಣದಿದ್ದರೆ.

ಅಂದ ಹಾಗೆ, ಹಿಮ್ಮಡಿ ನೋವಿಗೆ ಇಟ್ಟಿಗೆ ಕಾಸಿ, ಅದರ ಮೇಲೆ ಎಕ್ಕದ ಎಲೆ ಇಟ್ಟು ತುಳಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ಸ್ಪರ್ಶ ಸರಿಯಾಗಿದ್ದವರು ಬಿಸಿ ತಾಳದಿದ್ದರೆ ಕಾಲು ಎತ್ತಿಕೊಳ್ಳುತ್ತಾರೆ. ಸ್ಪರ್ಶ ಕಡಿಮೆ ಇದ್ದವರು ಎತ್ತಿಕೊಳ್ಳುವುದಿಲ್ಲ. ಬಿಸಿ ನೀರಿನ ಚೀಲಕ್ಕೂ ಇದೇ ಮಾತು.

ಒಡಕು ಹಿಮ್ಮಡಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರತಿ ಚಳಿಗಾಲದಲ್ಲೂ ಓದಿಯೇ ಇರ್ತೀರಿ. ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಉಜ್ಜುಗಲ್ಲಿನಿಂದ ಹಗುರವಾಗಿ ತಿಕ್ಕಿ, ಒರೆಸಿದ ಕೂಡಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. "ಒರೆಸಿದ ಕೂಡಲೇ" ಅನ್ನುವುದೇ ಇಲ್ಲಿ ಗುಟ್ಟು. ಚರ್ಮದಲ್ಲಿ ಉಳಿದ ನೀರನ್ನು ಎಣ್ಣೆ ಹಿಡಿದಿಡುತ್ತದೆ. ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭವೂ ಇಲ್ಲ. ತೀರಾ ದಪ್ಪಗಟ್ಟಿದ್ದರೆ ಯೂರಿಯಾ ಇರುವ ಮುಲಾಮು ಔಷಧ ಅಂಗಡಿಯಲ್ಲಿ ಸಿಗುತ್ತದೆ. ಬ್ಲೇಡಿನಿಂದ ಹೆರೆಯಬೇಡಿ. ಬಿರುಕಿಗೆ ಗೇರೆಣ್ಣೆ, ಕರಗಿಸಿದ ಮೇಣ ತುಂಬುವುದೂ ಬೇಡ, ಸುಟ್ಟ ಗಾಯ ಆದೀತು.

ಒಡಕಿನಿಂದ ರಕ್ತ ಬರುತ್ತಿದ್ದರೆ, ಸುತ್ತ ಕೆಂಪಗೆ ಬಿಸಿಯಾಗಿದ್ದರೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ. ಎರಡು ಮೂರು ವಾರ ಬಿಡದೆ ಆರೈಕೆ ಮಾಡಿದರೂ ಕೂಡದಿದ್ದರೆ ಥೈರಾಯ್ಡ್, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೆಲವರಿಗೆ ಒಡಕು ಅನ್ನಿಸುವುದು ಇಸಬು ಅಥವಾ ಸೋರಿಯಾಸಿಸ್ ಕೂಡ ಇರಬಹುದು. ಅದು ವ್ಯಾಸಲೀನಿಗೆ ಬಗ್ಗುವುದಿಲ್ಲ.

ಕೆಸರು ಹುಣ್ಣು ಗದ್ದೆಯವರಿಗೆ ಮಾತ್ರವಾ?

ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಅಂದರೆ ಭತ್ತ, ಭತ್ತ ಅಂದರೆ ಕೆಸರು. ನಾಟಿ ಹಚ್ಚುವ ಹೆಣ್ಣುಮಕ್ಕಳ ಬೆರಳ ಸಂದಿ ಬೆಳ್ಳಗೆ ಬೆಂದಂತಾಗಿ, ಸಿಪ್ಪೆ ಸುಲಿದು, ತುರಿಸಿ ಉರಿಯುವುದನ್ನು ನೋಡಿರ್ತೀರಿ. "ನಾವು ಗದ್ದೆಗೆ ಇಳಿಯೋರಲ್ಲ ಬಿಡ್ರಿ" ಅಂತೀರಾ? ಬಚ್ಚಲಲ್ಲಿ ಗಂಟೆಗಟ್ಟಲೆ ಬಟ್ಟೆ ಒಗೆದು, ಅಂಗಳಕ್ಕೆ ನೀರು ಹಾಕಿ, ಒದ್ದೆ ಕಾಲಲ್ಲೇ ಅಡುಗೆ ಮನೆಗೆ ಬರುವ ನಮಗೂ ಅದೇ ಬರುತ್ತದೆ. ಶೂ ಹಾಕಿಕೊಂಡು ದಿನವಿಡೀ ಬೆವರುವ ಯಜಮಾನರಿಗೂ ಬರುತ್ತದೆ. ಇದು ಶಿಲೀಂಧ್ರದ ಸೋಂಕು.

ದಿನಾ ಸ್ನಾನದ ಮೇಲೆ ಬೆರಳ ಸಂದಿಗಳನ್ನು ಒಂದೊಂದಾಗಿ ಒಣ ಬಟ್ಟೆಯಿಂದ ಒರೆಸುವುದು ಅರ್ಧ ಚಿಕಿತ್ಸೆ. ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್ ಇರುವ ಮುಲಾಮು ಇನ್ನರ್ಧ. ಕಡಿತ ನಿಂತ ಮೇಲೂ ಚೀಟಿಯಲ್ಲಿ ಹೇಳಿದಷ್ಟು ದಿನ ಹಚ್ಚಬೇಕು, ನಡುವೆ ಬಿಟ್ಟರೆ ಮತ್ತೆ ಬರುತ್ತದೆ. ಇಲ್ಲೊಂದು ಕಿವಿಮಾತು. "ಕಡಿತಕ್ಕೆ ಏನಾದ್ರೂ ಮುಲಾಮು ಕೊಡ್ರಿ" ಅಂತ ಕೇಳಿ ಸ್ಟೀರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚುವವರೇ ಹೆಚ್ಚು. ಎರಡೇ ದಿನದಲ್ಲಿ ಕಡಿತ ನಿಲ್ಲುತ್ತದೆ, ಭಲೇ ಅನ್ನಿಸುತ್ತದೆ. ಆದರೆ ಒಳಗೊಳಗೇ ಸೋಂಕು ಹರಡಿ, ಆಮೇಲೆ ತೊಡೆ ಸಂದಿಗೆ, ಹೊಟ್ಟೆಗೆ ಬಂದು ಕೂರುತ್ತದೆ. ಆಗ ಚರ್ಮದ ಡಾಕ್ಟರಿಗೂ ಅದನ್ನು ಗುಣ ಮಾಡುವುದು ಕಷ್ಟ. ಡಾಕ್ಟರು ಬರೆದುಕೊಡದೆ ಅಂಥದ್ದನ್ನು ಮುಟ್ಟಬೇಡಿ. ಮನೆಗೆಲಸದವಳ ಕಾಲಲ್ಲಿ ಈ ಹುಣ್ಣು ಕಂಡರೆ ಅವಳಿಗೂ ಒಂದು ಟ್ಯೂಬ್ ಕೊಡಿಸಿ. ದಿನಾ ಒದ್ದೆಯಲ್ಲಿ ನಿಲ್ಲುವುದು ನಮ್ಮ ಮನೆಯ ಬಚ್ಚಲಲ್ಲೇ ತಾನೇ?

ಆಣಿ ಮತ್ತು ಜಾಲಿ ಮುಳ್ಳು

ಒಂದೇ ಜಾಗಕ್ಕೆ ಒತ್ತಡ ಬಿದ್ದು ಚರ್ಮ ಗಟ್ಟಿಯಾದರೆ ಆಣಿ. ಒತ್ತುವ ಚಪ್ಪಲಿ ಬದಲಾಯಿಸದೆ ಆಣಿ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಜಾತ್ರೆಯಲ್ಲಿ, ಸಂತೆಯಲ್ಲಿ ಆಣಿ ಕೀಳುತ್ತೇವೆ ಅಂತ ಕೂರುವವರ ಮುಂದೆ ಕಾಲು ಚಾಚಬೇಡಿ. ಔಷಧ ಅಂಗಡಿಯ ಆಣಿಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅದು ಕೂಡದು.

ಆದರೆ ಒಂದೋ ಎರಡೋ ಅಲ್ಲ, ಎರಡೂ ಅಂಗಾಲು ಮತ್ತು ಅಂಗೈಗಳಲ್ಲಿ ಸಣ್ಣ ಸಣ್ಣ ಗಟ್ಟಿ ಗಂಟುಗಳು ತುಂಬಾ ಎದ್ದಿವೆ, ಮೈಮೇಲೆ ಮಳೆಹನಿಯಂಥ ಕಪ್ಪು ಬಿಳಿ ಚುಕ್ಕೆಗಳೂ ಇವೆ ಅಂತಾದರೆ ಆಣಿ ಅಂತ ಸುಮ್ಮನಿರಬೇಡಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಸಿಗುತ್ತದಲ್ಲ, ಆ ಹಟ್ಟಿ ಮಸ್ಕಿ ಶಿಲಾಪಟ್ಟಿಯ ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ವರ್ಷಗಟ್ಟಲೆ ಅಂಥ ನೀರು ಕುಡಿದವರಲ್ಲಿ ಹೀಗಾಗುತ್ತದೆ. ಚರ್ಮದ ತಜ್ಞರಿಗೆ ತೋರಿಸಿ, ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಕೊಡಿ. ನೀರು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ.

ಇನ್ನು ಬಳ್ಳಾರಿ ಜಾಲಿ. ರಬ್ಬರ್ ಚಪ್ಪಲಿಯನ್ನೂ ತೂರಿಕೊಂಡು ಬರುವ ಮುಳ್ಳು ಅದು. ಚುಚ್ಚಿದರೆ ಮುಳ್ಳು ತೆಗೆದು ಸೋಪು ನೀರಲ್ಲಿ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು ಐದು ವರ್ಷ ದಾಟಿದ್ದರೆ ಅಥವಾ ನೆನಪೇ ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳಿ. ಮುರಿದ ತುದಿ ಒಳಗೇ ಉಳಿದಿದೆ ಅನ್ನಿಸಿದರೆ ಪಿನ್ನಿನಿಂದ ಕೆದಕುತ್ತಾ ಕೂರಬೇಡಿ. ಮುಳ್ಳು ಚುಚ್ಚಿ ತಿಂಗಳುಗಳಾದ ಮೇಲೆ ಆ ಜಾಗ ನೋವಿಲ್ಲದೆ ನಿಧಾನಕ್ಕೆ ಊದಿ, ಸಣ್ಣ ತೂತುಗಳಿಂದ ಕಾಳಿನಂಥ ಕಣ ಬೆರೆತ ರಸಿಗೆ ಬಂದರೆ ಅದು ಬೇರೆಯೇ ಸೋಂಕು. ಎಲುಬಿಗೆ ಇಳಿಯುವ ಮುನ್ನ ಸರ್ಜನ್ ನೋಡಬೇಕು.

ಬಾವು ಒಂದೇ ಕಾಲಿಗಾ, ಎರಡಕ್ಕೂನಾ?

ಸಂಜೆ ಹೊತ್ತಿಗೆ ಎರಡೂ ಕಾಲು ಸ್ವಲ್ಪ ಬಾತು, ಬೆಳಿಗ್ಗೆ ಇಳಿದುಹೋದರೆ ಹೆಚ್ಚಾಗಿ ನಿಂತು ದುಡಿದದ್ದರ ಫಲ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬಿಡಿ. ಬೆಳಿಗ್ಗೆಯೂ ಇಳಿಯದೆ, ಮುಖವೂ ಊದಿಕೊಂಡರೆ, ಏದುಸಿರು ಬಂದರೆ ಕಿಡ್ನಿ, ಹೃದಯ, ರಕ್ತ ಎಲ್ಲಾ ನೋಡಿಸಬೇಕು.

ಬಸುರಿಯ ಕಾಲು ಬಾಯುವುದು ಸಹಜ ಅಂತ ಹಿರಿಯರು ಹೇಳ್ತಾರೆ, ಅದು ನಿಜವೇ. ಆದರೆ ಬಾವಿನ ಜೊತೆ ತಲೆನೋವು, ಕಣ್ಣು ಮಂಜು, ಎದೆಗುಂಡಿಗೆಯ ಕೆಳಗೆ ನೋವು ಇದ್ದರೆ ಅದೇ ದಿನ ಬಿಪಿ ತೋರಿಸಬೇಕು. "ನಾಳೆ ಅಮಾಸಿ, ನಾಡಿದ್ದು ಹೋದರಾಯ್ತು" ಅನ್ನುವ ಮಾತು ಇಲ್ಲಿ ಬೇಡವೇ ಬೇಡ.

ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಬಾತು, ಬಿಗಿದು, ನೋಯುತ್ತಿದೆಯಾ? ಅದರಲ್ಲೂ ಹೆರಿಗೆಯಾಗಿ ಕೆಲವು ವಾರ ಆಗಿದ್ದರೆ, ಆಪರೇಷನ್ ಆಗಿ ಮಲಗಿದ್ದರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಲ್ಲಿ ಕಾಲು ಜೋತುಬಿಟ್ಟು ಬಂದಿದ್ದರೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಎಣ್ಣೆ ಹಚ್ಚಿ ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಬಂದರೆ 108ಕ್ಕೆ ಫೋನ್ ಮಾಡಿ.

ನಿಧಾನವಾಗಿ ಊದುವ ಒಂದೇ ಕಾಲು, ಆಗಾಗ ಚಳಿಜ್ವರ, ತೊಡೆ ಸಂದಿಯಲ್ಲಿ ಗಡ್ಡೆ ಕಂಡರೆ ಆನೆಕಾಲು ರೋಗದ ಅನುಮಾನ. ಮನೆ ಮನೆಗೆ ಬಂದು ಆನೆಕಾಲು ಮಾತ್ರೆ ನುಂಗಿಸಿ ಹೋಗುತ್ತಿದ್ದರಲ್ಲ, ಆ ಕಾರ್ಯಕ್ರಮದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ರೋಗ ಬಂದವರು ನಾಚಿಕೊಂಡು ಸೀರೆ ನೆರಿಗೆಯಲ್ಲಿ ಕಾಲು ಮುಚ್ಚಿಕೊಳ್ಳುವುದರಲ್ಲೇ ವರ್ಷ ಕಳೆಯುತ್ತಾರೆ. ದಿನಾ ಸೋಪಿನಿಂದ ತೊಳೆದು, ಒರೆಸಿ, ಸಣ್ಣ ಗಾಯಕ್ಕೂ ಮದ್ದು ಹಚ್ಚಿದರೆ ಜ್ವರ ಮರುಕಳಿಸುವುದೂ ಬಾವು ಹೆಚ್ಚುವುದೂ ಕಡಿಮೆಯಾಗುತ್ತದೆ. ಆ ಆರೈಕೆಯ ಕ್ರಮವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಹೇಳಿಕೊಡುತ್ತಾರೆ.

ನೋವಿಲ್ಲದ ಹುಣ್ಣು

ನಿಮ್ಮ ಅಜ್ಜಿಯನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಲ್ಲಿ ಒಂದು ವರ್ಷದ ನಂತರ ಬೊಬ್ಬೆ ಎದ್ದು, ಬೆಂಕಿ ಇಟ್ಟಂತೆ ಉರಿದು, ಅದರೊಳಗಿಂದ ಮೊಳದುದ್ದಕ್ಕೂ ಮಿಕ್ಕಿದ ದಾರದಂಥ ಹುಳ ಹೊರಬರುತ್ತಿತ್ತು. ದಿನಕ್ಕಿಷ್ಟು ಅಂತ ಕಡ್ಡಿಗೆ ಸುತ್ತಿ ಸುತ್ತಿ ಎಳೆಯುತ್ತಿದ್ದರು. ನಮ್ಮ ಈ ಭಾಗದ ಹಳ್ಳಿಗಳನ್ನು ಕಾಡಿದ ರೋಗ ಅದು. ನೀರು ಸೋಸಿ ಕುಡಿಯಿರಿ ಅಂತ ಬಟ್ಟೆ ಹಂಚಿ, ಬಾವಿಗಳನ್ನು ಸರಿಪಡಿಸಿ, ಬೋರ್‌ವೆಲ್ ಹಾಕಿಸಿ ಅದನ್ನು ಓಡಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು.

ಆ ಹುಣ್ಣು ಉರಿಯಿಂದಲೇ ತನ್ನ ಗುರುತು ಹೇಳುತ್ತಿತ್ತು. ಈಗಿನ ಹುಣ್ಣು ಹಾಗಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಹತೋಟಿಯಲ್ಲಿಲ್ಲದೆ ವರ್ಷಗಳು ಕಳೆದರೆ ಮೊದಲು ಸೋಲುವುದು ದೂರದ ನರಗಳು, ಅಂದರೆ ಪಾದದ್ದು. ಮೊದಮೊದಲು ರಾತ್ರಿ ಅಂಗಾಲು ಉರಿ, ಇರುವೆ ಹರಿದಂತೆ, ಹತ್ತಿಯ ಮೇಲೆ ನಡೆದಂತೆ. ಆಮೇಲೆ ಉರಿಯೂ ನಿಲ್ಲುತ್ತದೆ. "ಈಗ ಆರಾಮಾಗೈತ್ರಿ, ಉರಿಯಂಗಿಲ್ಲ" ಅನ್ನುತ್ತಾರೆ. ಆರಾಮಾದದ್ದಲ್ಲ ಅದು, ನರ ಮಾತು ನಿಲ್ಲಿಸಿದ್ದು. ಚಪ್ಪಲಿ ಕಾಲಿಂದ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ, ಚಪ್ಪಲಿಯೊಳಗೆ ಮಗುವಿನ ಆಟಿಗೆ ಚೂರು ಇದ್ದರೂ ಗೊತ್ತಾಗುವುದಿಲ್ಲ. ಜೊತೆಗೆ ರಕ್ತ ಸಂಚಾರವೂ ಕಡಿಮೆಯಾಗಿದ್ದರೆ ಆದ ಗಾಯ ಮಾಯುವುದಿಲ್ಲ.

ನಿಮ್ಮ ಮನೆಯಲ್ಲಿ ಅತ್ತೆಗೋ, ಅಮ್ಮನಿಗೋ, ಯಜಮಾನರಿಗೋ ಸಕ್ಕರೆ ಇದ್ದರೆ ಇವತ್ತು ಸಂಜೆಯೇ ಒಂದು ಪರೀಕ್ಷೆ ಮಾಡಿ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಡಾಕ್ಟರುಗಳು ರೂಢಿಗೆ ತಂದದ್ದು, ಎರಡು ನಿಮಿಷದ ಕೆಲಸ. ಅವರನ್ನು ಕಾಲು ಚಾಚಿ ಮಲಗಿಸಿ, ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಬಲಗಾಲ ಹೆಬ್ಬೆರಳ ತುದಿಯನ್ನು ಹೂವು ಮುಟ್ಟಿದಂತೆ ಒಂದೆರಡು ಕ್ಷಣ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದರೆ "ಬಲ" ಅನ್ನಲಿ. ಹೀಗೆ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು. ಒಂದು ಬೆರಳಿಗೆ ಒಂದೇ ಅವಕಾಶ, ಎರಡನೇ ಸಲ ಮುಟ್ಟುವಂತಿಲ್ಲ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಸ್ಪರ್ಶ ಕುಂದಿದೆ ಅಂತ ಅರ್ಥ. ಅಂಥವರನ್ನು ಗಾಯವೇ ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಿ. ಅವರು ತೆಳುವಾದ ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ, ಪಾದದ ನಾಡಿ ಹಿಡಿದು ನೋಡುತ್ತಾರೆ. ಆರರಲ್ಲಿ ಆರೂ ಸರಿಯಾದರೂ ಸಕ್ಕರೆ ಇರುವವರಿಗೆ ವರ್ಷಕ್ಕೊಮ್ಮೆಯಾದರೂ ಪಾದದ ತಪಾಸಣೆ ಬೇಕು. ಸುಮ್ಮನೆ ಸಕ್ಕರೆ ಎಷ್ಟು ಅಂತ ಕೇಳಿಕೊಂಡು ಬರಬೇಡಿ, "ಡಾಕ್ಟ್ರೇ, ಕಾಲು ನೋಡ್ರಿ" ಅಂತ ಬಾಯಿಬಿಟ್ಟು ಹೇಳಿ.

ಜೋಮಿಗೆ ಸಕ್ಕರೆಯೊಂದೇ ಕಾರಣವಲ್ಲ. ಬಿ12 ಜೀವಸತ್ವದ ಕೊರತೆಯಿಂದಲೂ ಬರುತ್ತದೆ, ಹಾಲು ಮೊಸರೂ ಅಪರೂಪವಾದ ಶಾಕಾಹಾರಿ ಮನೆಗಳಲ್ಲಿ ಇದು ಹೆಚ್ಚು. ಚರ್ಮದ ಮೇಲೆ ಬಣ್ಣ ಮಾಸಿದ ಮಚ್ಚೆ, ಅಲ್ಲಿ ಚಿವುಟಿದರೂ ಗೊತ್ತಾಗದಿದ್ದರೆ ಕುಷ್ಠರೋಗದ ತಪಾಸಣೆ ಆಗಬೇಕು. ಹೆಸರು ಕೇಳಿ ಬೆಚ್ಚಬೇಡಿ. 6 ತಿಂಗಳು ಅಥವಾ 12 ತಿಂಗಳು ಮಾತ್ರೆ ನುಂಗಿದರೆ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಬರಿಗಾಲ ಹರಕೆ

ಬನದ ಹುಣ್ಣಿಮೆಗೆ ಸೋಮಲಾಪುರದ ಅಂಬಾಮಠಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ನಡೆದುಹೋಗುವವರ ಸೀಮೆ ನಮ್ಮದು. ಹರಕೆ ಬಿಡಿ ಅಂತ ಹೇಳಲು ನಾನ್ಯಾರು? ಸ್ಪರ್ಶ ಚೆನ್ನಾಗಿದ್ದವರು ಹೋಗಿಬನ್ನಿ. ಬೊಬ್ಬೆ ಎದ್ದರೆ ಒಡೆಯಬೇಡಿ, ಮೇಲಿನ ಚರ್ಮವೇ ಅದಕ್ಕೆ ಪಟ್ಟಿ. ತಾನಾಗಿ ಒಡೆದರೆ ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ. ಸಕ್ಕರೆ ಇರುವವರು ಮಾತ್ರ ಬರಿಗಾಲಲ್ಲಿ ನಡೆಯುವುದು ಬೇಡ. ಗುಡಿಯೊಳಗೆ ಚಪ್ಪಲಿ ಬಿಡಲೇಬೇಕಲ್ಲ ಅಂದರೆ ಬಿಸಿಲೇರುವ ಮುಂಚೆ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಲು ಬಿಡುತ್ತಾರಾ ಕೇಳಿ.

ಮನೆಯಲ್ಲಿ ಅವರಿಗೆ ದಿನದ ಪಾಠ ಇಷ್ಟೇ. ರಾತ್ರಿ ಪಾದ ತೊಳೆದು, ಸಂದಿ ಒರೆಸಿ, ಅಂಗಾಲು ನೋಡಬೇಕು. ಬಗ್ಗಲು ಆಗದವರಿಗೆ ನೆಲದ ಮೇಲೊಂದು ಕನ್ನಡಿ ಇಟ್ಟುಕೊಡಿ, ಅದರ ಮೇಲೆ ಕಾಲು ಹಿಡಿದರೆ ಸಾಕು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳೇ ನೋಡಲಿ. ನೀರು ಬಿಸಿಯಿದೆಯಾ ಅಂತ ಮೊಣಕೈ ಅದ್ದಿ ನೋಡಬೇಕು, ಕಾಲು ಅದ್ದಿ ಅಲ್ಲ. ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆ ಒಳಗೆ ಕೊರೆಯಬೇಡಿ. ಚಪ್ಪಲಿ ಮೆಟ್ಟುವ ಮುನ್ನ ಕೊಡವಿ, ಒಳಗೆ ಕೈಯಾಡಿಸಿ. ಅಂಗಾಲಿಗೆ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಬೇಡ.

ಅವರ ಪಾದದಲ್ಲಿ ಬೊಬ್ಬೆ, ಬಣ್ಣ ಬದಲಾದ ಜಾಗ, ಒಂದು ಪಾದ ಇನ್ನೊಂದಕ್ಕಿಂತ ಬಿಸಿ, ಕೀವು, ವಾಸನೆ, ಕಾಲುಚೀಲದ ಮೇಲೆ ಕಲೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ದಿನವೇ, ತಪ್ಪಿದರೆ ಮರುದಿನವೇ ತೋರಿಸಬೇಕು. ನೋವಿದೆಯಾ ಅಂತ ಕೇಳಲೇಬೇಡಿ. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ, ಗಾಯದ ಬಣ್ಣವೇ ಮುಚ್ಚಿಹೋಗುತ್ತದೆ. ಗಾಯದ ಜೊತೆ ಚಳಿಜ್ವರ ಬಂದರೆ, ಬೆರಳು ಕಪ್ಪಾದರೆ, ಕೆಂಪು ಗೆರೆ ಮೇಲಕ್ಕೆ ಹರಿದರೆ ರಾತ್ರಿಯಾದರೂ ಹೊರಡಬೇಕು. ಸಿಂಧನೂರು, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಆಗುತ್ತದೆ, ಹೆಚ್ಚಿನದಕ್ಕೆ ರಾಯಚೂರಿನ ರಿಮ್ಸ್‌ಗೆ ಕಳಿಸುತ್ತಾರೆ. ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ಶಾಸ್ತ್ರ ಸಂಸ್ಥೆಯಲ್ಲಿ ಪಾದಕ್ಕೆಂದೇ ಪ್ರತ್ಯೇಕ ವಿಭಾಗ ಇದೆ.

ಕಾಲುಂಗುರದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆರಳಿಗೆ ಪೆಟ್ಟಾದರೆ, ಬೊಬ್ಬೆ ಎದ್ದರೆ, ಪಾದ ಬಾಯಲು ಶುರುವಾದರೆ ಮೊದಲು ಕಾಲುಂಗುರ ತೆಗೆಯಿರಿ. ಬಾತ ಮೇಲೆ ಅದು ಬರುವುದಿಲ್ಲ, ಬೆರಳಿಗೆ ಉರುಲಾಗುತ್ತದೆ. ಸಿಕ್ಕಿಕೊಂಡಿದ್ದರೆ ಕಾಲನ್ನು ದಿಂಬಿನ ಮೇಲೆತ್ತಿ ಸ್ವಲ್ಪ ಹೊತ್ತು ಮಲಗಿ, ಸೋಪು ನೊರೆ ಹಚ್ಚಿ ತಿರುಗಿಸುತ್ತಾ ತೆಗೆಯಿರಿ. ಆಗಲಿಲ್ಲವಾ, ಎಳೆದಾಡದೆ ಕತ್ತರಿಸಿಬಿಡಿ, ಆಸ್ಪತ್ರೆಯಲ್ಲೋ ಅಕ್ಕಸಾಲಿಗನ ಹತ್ತಿರವೋ. ಬೆಳ್ಳಿಯನ್ನು ಮತ್ತೆ ಬೆಸೆಯಬಹುದು.

ನಮ್ಮ ಅತ್ತೆ ತೆಗೆಯಲಿಲ್ಲ. ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಿಕೊಂಡು ಓಡಾಡಿದರು, ಅಡುಗೆಯನ್ನೂ ಮಾಡಿದರು. ನೋವಿಲ್ಲವಲ್ಲ! ಉಂಗುರದ ಬೆರಳಿನ ಕೆಳಗಿದ್ದ ಬೊಬ್ಬೆ ಒಡೆದು ಬೆರಳು ಬಾತಾಗ ಸೊಸೆ "ಉಂಗುರ ತೆಗೀರಿ ಅತ್ತಿ" ಅಂದದ್ದಕ್ಕೆ, "ಮುತ್ತೈದಿ ಕಾಲುಂಗ್ರ ತೆಗೀ ಅಂತೀಯಲ್ಲ" ಅಂತ ಸಿಟ್ಟಾದರು. ಒಂಬತ್ತನೇ ದಿನ ವಾಸನೆ ಬಂತು. ಅಕ್ಕಸಾಲಿಗರು ಉಂಗುರ ಕತ್ತರಿಸಿದಾಗ ಅದರಡಿ ಬೆರಳು ಕಪ್ಪಾಗಿತ್ತು. ರಾಯಚೂರಿಗೆ ಕರೆದೊಯ್ದರು, ಬೆರಳು ಉಳಿಯಲಿಲ್ಲ. ಪಾದ ಉಳಿದದ್ದೇ ದೊಡ್ಡದು, ಇನ್ನು ನಾಲ್ಕು ದಿನ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಅಂತ ಸರ್ಜನ್ ಹೇಳಿದರಂತೆ.

ಹೋದ ದೀಪಾವಳಿಗೆ ಮಸ್ಕಿಗೆ ಹೋಗಿದ್ದೆ. ಅತ್ತೆ ನೀಲಿ ಚಪ್ಪಲಿ ಹಾಕಿಕೊಂಡು ಅಡುಗೆ ಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದರು. ಬೆಸೆದ ಕಾಲುಂಗುರ ಈಗ ಪಕ್ಕದ ಬೆರಳಿನಲ್ಲಿದೆ, ಸ್ವಲ್ಪ ಸಡಿಲವಾಗಿ. ರಾತ್ರಿ ಊಟ ಮುಗಿದ ಮೇಲೆ ಮೊಮ್ಮಗಳು ಟಾರ್ಚ್ ಹಿಡಿದು ಬಂದಳು. ಅತ್ತೆ ಕಾಲು ಚಾಚಿ ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ, ನಿನ್ನವೂ ನೋಡ್ತಾಳ" ಅಂದರು.